ಮೆಷಿನ್ ಒಪ್ಪಿದ ಕೂಗು

"ಇನ್ನೊಂದು ಸುತ್ತು ಹಾಕು," ಎಂದರು ಮೇಷ್ಟ್ರು.

ಅವರ ಭಾವಮೈದ ಹಾಕಿದ. ಕರಿ ಕೇಬಲ್ಲು. ಬೆಳಿಗ್ಗೆ ನಾನೇ ಹೆಗಲಿಗೆ ಹಾಕಿಕೊಂಡು ಬಂದದ್ದು. ಅದರ ಒಳಗೆ ಉಕ್ಕಿನ ಎಳೆ ಇರುತ್ತದೆ; ಕಂಬದಿಂದ ಕಂಬಕ್ಕೆ ಗಾಳಿಯಲ್ಲಿ ಜೋತಾಡಿದರೂ ತುಂಡಾಗುವುದಿಲ್ಲ. ಮಣಿಕಟ್ಟು ಅದಕ್ಕೆ ಯಾವ ಲೆಕ್ಕ. ಎಡಗೈಯನ್ನು ಬೆನ್ನ ಹಿಂದಕ್ಕೆ ತಿರುಚಿ ನನ್ನದೇ ಬೆಲ್ಟಿಗೆ ಬಿಗಿದಿದ್ದರು. ಬಲಗೈ ಕಿಟಕಿಯ ಸರಳಿಗೆ. ಕುರ್ಚಿಯ ಮೇಲೆ ಅರ್ಧ ಕೂತು ಅರ್ಧ ನಿಂತಿದ್ದೆ. ಮೈಮೇಲೆ ಕಂಪನಿಯ ಕಿತ್ತಳೆ ಶರ್ಟು, ಕಂಕುಳಲ್ಲಿ ಆಗಲೇ ಒದ್ದೆ.

"ಸಾರ್, ಹೊಡೆಯೋದಿದ್ರೆ ಹೊಡೆದುಬಿಡಿ. ಕಟ್ಟಬೇಡಿ. ಇನ್ನೂ ಬೇರೆ ಮನೆಗಳಿಗೆ ಹೋಗ್ಬೇಕು."

"ಹೊಡೆಯೋಕೆ ನಾವೇನು ರೌಡಿಗಳಾ?" ಮೇಷ್ಟ್ರು ನಿಜವಾಗಿ ನೊಂದುಕೊಂಡರು. "ಲೈನ್ ಬರ್ತಿದ್ದ ಹಾಗೇ ಬಿಟ್ಟುಬಿಡ್ತೀವಿ. ನಿನ್ನ ಮೇಲೆ ನಮಗೇನಪ್ಪಾ ದ್ವೇಷ?"

ದ್ವೇಷ ಇರಲಿಲ್ಲ. ಅದು ನನಗೂ ಗೊತ್ತಿತ್ತು. ಮೇಷ್ಟ್ರು ಆ ಕೋಣೆಯಲ್ಲಿ ಕೂತು ಕಂಪ್ಯೂಟರಿನ ಮೂಲಕ ಮಕ್ಕಳಿಗೆ ಗಣಿತ ಹೇಳಿಕೊಡುವವರು. ಇಸ್ತ್ರಿ ಮಾಡುವ ಮೇಜೇ ಅವರ ಮೇಜು. ಗೋಡೆಗೆ ಬಿಳಿ ಹಲಗೆ, ಹಲಗೆಯ ಮೇಲೆ ಅರ್ಧಕ್ಕೆ ನಿಂತ ಲೆಕ್ಕ. ಇಂಟರ್ನೆಟ್ ಲೈನು ಸತ್ತು ವಾರಗಳಾಗಿದ್ದವು. ಮೊಬೈಲಿನಲ್ಲಿ ಪಾಠ ಮಾಡಿದರೆ ಅವರ ಮುಖ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತಂತೆ. ಮಕ್ಕಳು ಒಬ್ಬೊಬ್ಬರಾಗಿ ಬೇರೆ ಮೇಷ್ಟ್ರನ್ನು ಹುಡುಕಿಕೊಂಡಿದ್ದರು. ನನಗಿಂತ ಮೊದಲು ಬಂದ ಕಿತ್ತಳೆ ಶರ್ಟಿನವರು ತಂತಿ ಮುಟ್ಟಿ, ಪೆಟ್ಟಿಗೆ ಆರಿಸಿ ಹೊತ್ತಿಸಿ, "ಸಂಜೆಯೊಳಗೆ ಬರುತ್ತೆ" ಎಂದು ಹೇಳಿ, ಗುಟ್ಟಿನ ಅಂಕಿ ಇಸಕೊಂಡು ಹೋಗಿದ್ದರು.

ಆ ಅಂಕಿಯೇ ನಮ್ಮ ಅನ್ನ. ನಾವು ಮನೆಯೊಳಗೆ ಕಾಲಿಟ್ಟ ಮೇಲೆ ಗಿರಾಕಿಯ ಮೊಬೈಲಿಗೆ ಅದು ಬರುತ್ತದೆ. ಗಿರಾಕಿ ಬಾಯಿಬಿಟ್ಟು ಹೇಳಿದರೆ ದೂರು ಮುಚ್ಚುತ್ತದೆ. ಹೇಳದಿದ್ದರೆ ನಮ್ಮ ದಿನ ಸೊನ್ನೆ. ಲೈನು ಬಂತೋ ಬಿಟ್ಟಿತೋ ಯಾರಿಗೂ ಬೇಕಿಲ್ಲ.

ಲೈನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮನೆಮನೆಗೆ ತಂತಿ ಹಂಚುವ ಬೀದಿಯ ತಿರುವಿನ ಪೆಟ್ಟಿಗೆ ತುಂಬಿಹೋಗಿತ್ತು. ಎದುರಿನ ಹೊಸ ಕಟ್ಟಡದವರು ದೊಡ್ಡ ಪ್ಲಾನು ಕೊಂಡಿದ್ದರು. ಅವರಿಗೆ ಜಾಗ ಮಾಡಲು ಕಂಟ್ರೋಲ್ ರೂಮಿನಲ್ಲಿ ಯಾರೋ ಒಂದು ಗುಂಡಿ ಒತ್ತಿ ಮೇಷ್ಟ್ರ ಲೈನನ್ನು ಮಲಗಿಸಿದ್ದರು. ನಾನು ಕಂಬ ಹತ್ತಿದರೂ, ಹೊಸ ತಂತಿ ಎಳೆದರೂ, ತಲೆಕೆಳಗಾಗಿ ನಿಂತರೂ ಅದು ಏಳುವಂತಿರಲಿಲ್ಲ. ಇದನ್ನು ಗಿರಾಕಿಗೆ ಹೇಳುವ ಹಾಗಿಲ್ಲ. ನಮ್ಮನ್ನು ಕೆಲಸಕ್ಕಿಟ್ಟುಕೊಂಡ ಗುತ್ತಿಗೆದಾರ, ನಾವೆಲ್ಲ ಮಾಮ ಎನ್ನುವವನು, ಮೊದಲ ದಿನವೇ ಹೇಳಿದ್ದ: "ನಿಜ ಹೇಳೋ ಚಟ ಇದ್ರೆ ಶರ್ಟು ಬಿಚ್ಚಿಟ್ಟು ಹೋಗಿ ಹೇಳು."

ಮೇಷ್ಟ್ರು ಕಂಪನಿಗೆ ಫೋನು ಹಚ್ಚಿ, ಮೊಬೈಲನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು.

"ಸ್ವಾಗತ," ಎಂದಿತು ಮೆಷಿನ್ನು. ಮದುವೆ ಮಂಟಪದಲ್ಲಿ ನಿಂತ ಹುಡುಗಿಯ ದನಿ. "ನಿಮ್ಮ ತೊಂದರೆಯನ್ನು ನಿಧಾನವಾಗಿ ಹೇಳಿ."

ಮೇಷ್ಟ್ರು ನಿಧಾನವಾಗಿ ಹೇಳಿದರು. ಮೊದಲಿಗೆ, ಎರಡನೆಯದಾಗಿ, ಆದ್ದರಿಂದ.

"ಕ್ಷಮಿಸಿ. ಅರ್ಥವಾಗಲಿಲ್ಲ."

ಅವರು ಮತ್ತೆ ಹೇಳಿದರು. ಮೆಷಿನ್ನು ಮತ್ತೆ ಕ್ಷಮೆ ಕೇಳಿತು. ನನ್ನ ಮಣಿಕಟ್ಟು ಊದುತ್ತಿತ್ತು. ಮನುಷ್ಯರು ಯಾರಾದರೂ ಸಿಕ್ಕರೆ ಇವರು ನನ್ನನ್ನು ಬಿಟ್ಟಾರು ಎಂದುಕೊಂಡು ಬಾಯಿಬಿಟ್ಟೆ.

"ಸಾರ್, ಅದಕ್ಕೆ ಮೆತ್ತಗೆ ಹೇಳಿದ್ರೆ ಕಿವಿಗೆ ಬೀಳಲ್ಲ. ಕೂಗಿ. ಕೂಗಿದವರನ್ನ ಮಾತ್ರ ಮನುಷ್ಯರ ಹತ್ರ ಕಳಿಸುತ್ತೆ."

"ನಿಂಗೆ ಹೇಗೆ ಗೊತ್ತು?"

"ಗೊತ್ತು ಸಾರ್."

ಗೊತ್ತಿದ್ದದ್ದು ಅಕ್ಕನಿಂದ. ಕಂಪನಿಯ ದೊಡ್ಡ ಕಟ್ಟಡದಲ್ಲಿ ಕಿಟಕಿ ಇಲ್ಲದ ಒಂದು ಕೋಣೆ ಇದೆ. ಮೆಷಿನ್ನು ದನಿಯ ಬಿಸಿ ನೋಡಿ, ಕುದಿಯುತ್ತಿರುವವರನ್ನು ಮಾತ್ರ ಅಲ್ಲಿಗೆ ದಾಟಿಸುತ್ತದೆ. ಅಲ್ಲಿ ಕೂತ ಬೆರಳೆಣಿಕೆಯ ಹೆಂಗಸರು ಬೆಳಗಿನಿಂದ ಬೈಗುಳ ತಿಂದು ಕ್ಷಮೆ ಉಗುಳುತ್ತಾರೆ. ಆ ಕೋಣೆಗೆ ಒಲೆ ಎಂದು ಅವರೇ ಹೆಸರಿಟ್ಟಿದ್ದಾರೆ. ಅಕ್ಕ ಅವರಲ್ಲಿ ಒಬ್ಬಳು. ಮನೆಗೆ ಬಂದ ಮೇಲೆ ನಾನು ಜೋರಾಗಿ ಸೀನಿದರೂ ಅವಳು "ಕ್ಷಮಿಸಿ" ಎನ್ನುತ್ತಾಳೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಎಲೈ ಕೃತಘ್ನರೇ!" ಎಂದು ಕೂಗಿದರು.

"ಕ್ಷಮಿಸಿ. ಅರ್ಥವಾಗಲಿಲ್ಲ."

"ಸರೀರಿ ಭಾವ, ನಿಮ್ಮ ಕೈಲಾಗಲ್ಲ ಇದು." ಭಾವಮೈದ ಮೊಬೈಲು ಎತ್ತಿಕೊಂಡ. ಮೆಷಿನ್ನಿನ ತಾಯಿ, ತಂಗಿ, ಅಜ್ಜಿ, ಯಾರನ್ನೂ ಬಿಡಲಿಲ್ಲ. ಒಳಗಿನ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ತಾಯಿ ಸೆರಗಿನಿಂದ ಕಿವಿ ಮುಚ್ಚಿಕೊಂಡರು.

"ನಿಮ್ಮ ಕರೆ ನಮಗೆ ಮುಖ್ಯ. ದಯವಿಟ್ಟು ಕಾಯಿರಿ." ಕೊಳಲು ಶುರುವಾಯಿತು.

ಊರೆಲ್ಲ ಕೂಗುವುದು ಕಲಿತಿತ್ತು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವ ಮುದುಕರು ಕೂಡ ಫೋನು ಹಿಡಿದು ಬೊಬ್ಬೆ ಹೊಡೆಯುತ್ತಿದ್ದರು. ಮೆಷಿನ್ನಿಗೆ ಸಿಟ್ಟು ಹಳತಾಗಿತ್ತು. ಆದರೆ ಅದು ಹೊಸದಾಗಿ ಏನನ್ನು ಹುಡುಕುತ್ತಿದೆ ಎಂದು ಆ ಕೋಣೆಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ನನಗೂ.

ಕಿಟಕಿಯಾಚೆ ಪಕ್ಕದ ಮನೆಯವಳು ಬಟ್ಟೆ ಹರವುವ ನೆಪದಲ್ಲಿ ಇಣುಕಿದಳು. "ಏನ್ ನೋಡ್ತೀಯ, ಸಿನಿಮಾನಾ?" ಎಂದವನೇ ಭಾವಮೈದ ಕಿಟಕಿಯ ಬಾಗಿಲನ್ನು ರಪ್ಪೆಂದು ಎಳೆದು ಬಡಿದ. ಕಬ್ಬಿಣದ ಬಾಗಿಲು. ನನ್ನ ಬೆರಳುಗಳು ಚೌಕಟ್ಟಿನ ಮೇಲಿದ್ದವು.

ಸದ್ದು ಮೊದಲು ಕೇಳಿತು. ಒಣಕಡ್ಡಿ ಮುರಿದಂತೆ. ಆಮೇಲೆ ನನ್ನ ಬಾಯಿಂದ ಏನೋ ಬಂತು. ಅದು ಮಾತಲ್ಲ, ಅಳುವಲ್ಲ. ನನಗೇ ಪರಿಚಯವಿಲ್ಲದ್ದು.

ಕೊಳಲು ನಿಂತಿತು.

"ನಿಮ್ಮ ನೋವು ನಮಗೆ ಅರ್ಥವಾಗಿದೆ," ಎಂದಿತು ಮೆಷಿನ್ನು. "ತಕ್ಷಣ ನಮ್ಮ ಪ್ರತಿನಿಧಿಗೆ ವರ್ಗಾಯಿಸುತ್ತಿದ್ದೇವೆ."

ಭಾವಮೈದ ಬಾಗಿಲು ತೆರೆದ. ಎರಡು ಬೆರಳು ಬೇಡದ ಕಡೆಗೆ ಮುಖ ಮಾಡಿದ್ದವು. "ಅಯ್ಯೋ, ಸಾರಿ ಗುರು, ಆಣೆ ಮಾಡಿ ಹೇಳ್ತೀನಿ, ನೋಡ್ಲಿಲ್ಲ," ಎಂದ. ಅವನ ಮುಖ ಬಿಳುಪೇರಿತ್ತು.

"ಹಲೋ, ನಾನು ನಿಮಗೆ ಹೇಗೆ ನೆರವಾಗಲಿ?" ಹೆಂಗಸಿನ ದನಿ. ಅಕ್ಕ ಅಲ್ಲ.

ಮೇಷ್ಟ್ರು ಓಡಿಬಂದು ಮೊಬೈಲಿಗೆ ಬಗ್ಗಿದರು. "ನಮಸ್ಕಾರ ಅಮ್ಮಾ. ನಾನು ಒಬ್ಬ ಗಣಿತದ ಅಧ್ಯಾಪಕ. ನನ್ನ ಸಮಸ್ಯೆಯ ಹಿನ್ನೆಲೆ ಏನೆಂದರೆ..."

ಟಕ್ಕೆಂದು ಸದ್ದು. ಮತ್ತೆ ಕೊಳಲು. ಶಾಂತವಾದ ದನಿ ಕೇಳಿದ ಕೂಡಲೇ ಮೆಷಿನ್ನು ಅವರನ್ನು ಸಾಲಿಗೆ ವಾಪಸು ತಳ್ಳಿತ್ತು.

ಎಲ್ಲರೂ ನನ್ನ ಕೈ ನೋಡಿದರು. ಒಂದು ಯೋಚನೆ ನಾಲ್ಕು ತಲೆಯೊಳಗೆ ಒಟ್ಟಿಗೆ ಹೊಕ್ಕರೆ ಕೋಣೆಯ ಗಾಳಿ ದಪ್ಪವಾಗುತ್ತದೆ. ನಾಲ್ಕನೆಯ ತಲೆ ನನ್ನದು.

"ಬೇಡ," ಎಂದೆ.

"ಭಾವ," ಎಂದ ಭಾವಮೈದ.

"ಛೆ, ಛೆ," ಎಂದರು ಮೇಷ್ಟ್ರು. ಆದರೆ ಅವರ ಕಣ್ಣು ಗೋಡೆಯ ಮೇಲಿನ ಕೆಂಪು ದೀಪದ ಕಡೆ ಹೋಯಿತು. ಲೈನು ಸತ್ತಿದೆ ಎನ್ನುವ ದೀಪ.

"ನಾನೇ ಕೂಗ್ತೀನಿ ಸಾರ್! ನೀವೇನೂ ಮಾಡೋದು ಬೇಡ, ನಾನೇ ಕೂಗ್ತೀನಿ!" ಎಂದು ಹೇಳಿ ಎದೆ ತುಂಬ ಉಸಿರು ತೆಗೆದುಕೊಂಡು ಕಿರುಚಿದೆ. ಅಯ್ಯೋ ಅಂದೆ. ಅಮ್ಮಾ ಅಂದೆ. ಸತ್ತೇ ಅಂದೆ. ಅಷ್ಟು ಜೋರಾಗಿ ಯಾವ ನಾಟಕದಲ್ಲೂ ಯಾರೂ ಸತ್ತಿರಲಾರರು.

"ಕ್ಷಮಿಸಿ. ಅರ್ಥವಾಗಲಿಲ್ಲ."

ಮೇಷ್ಟ್ರ ತಾಯಿ ಹತ್ತಿರ ಬಂದು ನನ್ನ ತಲೆ ನೇವರಿಸಿದರು. ಒರಟು, ಬೆಚ್ಚಗಿನ ಅಂಗೈ. "ಸ್ವಲ್ಪ ಸಹಿಸ್ಕೊ ಮಗಾ. ಮೊದಲನೇ ಸಲಕ್ಕೇ ಸರಿಯಾಗಿ ಕೂಗಿಬಿಡು. ಬೇಗ ಮುಗಿಯುತ್ತೆ."

ಮೇಷ್ಟ್ರು ಹಲಗೆಯ ಕಡೆ ತಿರುಗಿ ನಿಂತರು. "ನಾನು ನೋಡಲ್ಲ," ಎಂದರು.

ಭಾವಮೈದ ಕಿಟಕಿಯ ಬಾಗಿಲನ್ನು ಪೂರ್ತಿ ಆಚೆಗೆ ತಳ್ಳಿದ. ಈ ಸಲ ಮುಖ ಬಿಳುಪೇರಲಿಲ್ಲ. ನೋಡಿಕೊಂಡು ಬಡಿದ.

ಕೊಳಲು ನಿಂತಿತು. ನೋವು ಅರ್ಥವಾಯಿತು. ವರ್ಗಾಯಿಸಿದರು.

"ನಮಸ್ಕಾರ, ನಾನು ನಿಮಗೆ ಹೇಗೆ ನೆರವಾಗಲಿ?"

ಅಕ್ಕ.

ನಾನು ಬಾಯಿಯನ್ನು ಹೆಗಲಿಗೆ ಒತ್ತಿ ಶರ್ಟನ್ನು ಕಚ್ಚಿಕೊಂಡೆ. ಅವಳಿಗೆ ಕೇಳಿಸಬಾರದು. ಮೂಗಿನಿಂದ ಮಾತ್ರ ಉಸಿರಾಡಿದೆ. ಕಣ್ಣೆದುರು ಹಳದಿ ಚುಕ್ಕೆಗಳು. ಮೇಷ್ಟ್ರು ಹಲಗೆಯ ಕಡೆ ಮುಖ ಮಾಡಿಕೊಂಡೇ ಗಡಬಡಿಸಿ "ಲೈನಿಲ್ಲ, ಲೈನಿಲ್ಲ" ಎನ್ನುತ್ತಿದ್ದರು.

"ಇವನು ಸುಮ್ನಾಗ್ಬಿಟ್ಟ ಭಾವ! ಮತ್ತೆ ಕಟ್ ಆಗುತ್ತೆ!" ಬಾಗಿಲು ಬಡಿಯಿತು. ಒಮ್ಮೆ. ಇನ್ನೊಮ್ಮೆ. ಶರ್ಟು ಹಲ್ಲಿನಿಂದ ಜಾರಿತು.

ಆ ಕಡೆಯಿಂದ, ಕಂಪನಿ ಬರೆದುಕೊಟ್ಟ ಮಾತಿನಲ್ಲಿಲ್ಲದ ಒಂದು ಪ್ರಶ್ನೆ: "ಯಾರು ಅದು ಕೂಗ್ತಿರೋದು?"

"ನಿಮ್ಮ ಕಂಪನಿಯವನೇ," ಎಂದ ಭಾವಮೈದ. "ಲೈನ್ ಕೊಡಿ, ಕರ್ಕೊಂಡು ಹೋಗಿ."

"ಅವನಿಗೆ ಏನ್ ಮಾಡಿದ್ರಿ? ಬಿಡಿ ಅವನನ್ನ. ಲೇ, ಬಿಡೋ ಅವನನ್ನ!" ಅಕ್ಕನ ದನಿ ಒಡೆಯಿತು. ಒಲೆಯಲ್ಲಿ ಕೂತವರು ಗಿರಾಕಿಗೆ ಏಕವಚನ ಆಡಿದರೆ ಆ ದಿನವೇ ಮನೆಗೆ.

"ಓಹೋ, ನಿನಗೆ ಬೇಕಾದವನಾ?" ಭಾವಮೈದ ಮೊಬೈಲನ್ನು ನನ್ನ ಬಾಯಿಯ ಹತ್ತಿರಕ್ಕೆ ತಂದ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಕಿಟಕಿಯ ಬಾಗಿಲು.

ಆಗ ನಾನು ನಿಜ ಹೇಳಿದೆ. ಚಟದಿಂದಲ್ಲ. "ಕಂಟ್ರೋಲ್ ರೂಮಲ್ಲಿ ಮಲಗಿಸಿದ್ದಾರೆ ಅಕ್ಕಾ! ಈ ಮನೆ ಜಾಗ ಎದುರಿನ ಕಟ್ಟಡಕ್ಕೆ ಕೊಟ್ಟಿದ್ದಾರೆ! ಗುಂಡಿ ಒತ್ತಿದ್ರೆ ಬರುತ್ತೆ! ಒತ್ತೋಕೆ ಹೇಳು!"

ಮೇಷ್ಟ್ರು ಹಲಗೆಯಿಂದ ತಿರುಗಿದರು. "ಗೊತ್ತಿತ್ತಾ ನಿನಗೆ? ಗೊತ್ತಿದ್ದೂ ಬಂದು ತಂತಿ ಮುಟ್ಟಿ ನಾಟಕ ಮಾಡಿದೆಯಾ?" ಇಷ್ಟು ಹೊತ್ತು ಅವರು ನನ್ನನ್ನು ಮುಟ್ಟಿರಲಿಲ್ಲ. ಈಗ ಬಂದು ಕೆನ್ನೆಗೆ ಬಾರಿಸಿದರು. ಪಾಠ ಕಲಿಸುವವರ ಏಟು. ಅಂಗೈ ಚಪ್ಪಟೆ, ಗುರಿ ಸರಿ.

ಮೊಬೈಲಿನಲ್ಲಿ ಕುರ್ಚಿ ಉರುಳಿದ ಸದ್ದು. ಅಕ್ಕನ ಚಪ್ಪಲಿ ಓಡಿದ ಸದ್ದು. ಆಮೇಲೆ ಆ ಕೋಣೆಯ ಉಳಿದ ಹೆಂಗಸರ ದನಿಗಳು ಮಾತ್ರ. ಎಲ್ಲರೂ ಯಾರ್ಯಾರಿಗೋ ಕ್ಷಮಿಸಿ, ಕ್ಷಮಿಸಿ, ಕ್ಷಮಿಸಿ ಎನ್ನುತ್ತಿದ್ದರು. ಕಟ್ ಆಗದಿರಲಿ ಎಂದು ಭಾವಮೈದ ನಡುನಡುವೆ ಬಾಗಿಲು ಒತ್ತುತ್ತಿದ್ದ. ಬಡಿಯಲಿಲ್ಲ. ಒತ್ತುತ್ತಿದ್ದ ಅಷ್ಟೆ. ಸ್ಟೌವಿನ ಉರಿ ಹಿಡಿದಿಡುವವನ ಹಾಗೆ.

ಅಕ್ಕ ಮಾಡಿದ್ದು ಆಮೇಲೆ ತಿಳಿಯಿತು. ಮೆಟ್ಟಿಲು ಹತ್ತಿ ಕಂಟ್ರೋಲ್ ರೂಮಿಗೆ ಹೋಗಿದ್ದಾಳೆ. ಕೇಳಿದ್ದಾಳೆ. ಕೂತಿದ್ದವನು ಅರ್ಜಿ ಕಳಿಸಿ ಎಂದಿದ್ದಾನೆ. ಇವಳು ಅವನ ಕೂದಲು ಹಿಡಿದು ಮುಖವನ್ನು ಕೀಬೋರ್ಡಿಗೆ ಬಡಿದಿದ್ದಾಳೆ. ಮೂಗು ಒಡೆದಿದೆ. ಆಮೇಲೆ ಅವನ ಬೆರಳನ್ನೇ ಹಿಡಿದು ಗುಂಡಿ ಒತ್ತಿಸಿದ್ದಾಳೆ.

ಕೆಂಪು ದೀಪ ಆರಿತು. ಹಸಿರು ಹೊತ್ತಿತು.

"ಬಂತು!" ಮೇಷ್ಟ್ರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣಲ್ಲಿ ನೀರು. ಕಂಪ್ಯೂಟರಿನಲ್ಲಿ ಒಂದೊಂದೇ ಪುಟ್ಟ ಮುಖ ಮೂಡಿತು. ಅವರು ಕೂದಲು ನೀವಿ, ಅಂಗಿಯ ಗುಂಡಿ ಹಾಕಿಕೊಂಡು, ಪರದೆಗೆ ನಕ್ಕರು. "ಬನ್ನಿ ಮಕ್ಕಳೇ, ಬನ್ನಿ. ಎಲ್ಲಿಗೆ ನಿಲ್ಲಿಸಿದ್ದೆವು?"

ನನ್ನನ್ನು ಇನ್ನೂ ಬಿಚ್ಚಿರಲಿಲ್ಲ. ನಾನು ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯಲ್ಲಿದ್ದೆ. ಗಂಟಲಿನಿಂದ ನನ್ನ ಅಪ್ಪಣೆ ಕೇಳದೆ ಸದ್ದು ಬರುತ್ತಲೇ ಇತ್ತು. ಭಾವಮೈದ ಬಾಗಿಲ ಹಿಂದಿನ ಟವೆಲ್ ತಂದು ನನ್ನ ಬಾಯಿಗೆ ತುರುಕಿದ. "ಶ್," ಎಂದ, "ಕ್ಲಾಸ್ ನಡೀತಿದೆ."

ಬಿಚ್ಚುವಾಗ ಗುಟ್ಟಿನ ಅಂಕಿಯನ್ನು ತಾನಾಗಿಯೇ ಹೇಳಿದ. ಬರೆದುಕೊಳ್ಳಲು ನನ್ನ ಕೈ ಆಗದೆಂದು ನನ್ನ ಮೊಬೈಲಿನಲ್ಲಿ ತಾನೇ ಒತ್ತಿದ. "ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದೀವಿ ನಿನಗೆ." ಮೇಷ್ಟ್ರ ತಾಯಿ ಲೋಟದಲ್ಲಿ ನೀರು ತಂದು ಕುಡಿಸಿದರು. "ನಾನು ಹೇಳಲಿಲ್ವಾ, ಬೇಗ ಮುಗಿಯುತ್ತೆ ಅಂತ," ಎಂದರು.

ಅವತ್ತೇ ಅಕ್ಕನನ್ನು ಕಾವಲುಗಾರರು ಹಿಂಬಾಗಿಲಿನಿಂದ ಹೊರಗೆ ಹಾಕಿದರು. ನನ್ನನ್ನು ಮಾಮ ಹಾಕಿದ. ಆಸ್ಪತ್ರೆಯ ಹೊರಗೆ ನಿಂತು, "ಶರ್ಟು ವಾಪಸ್ ಕೊಡು," ಎಂದ. ರಕ್ತ ಕಂಡು, "ಒಗೆದು ಕೊಡು," ಎಂದ.

"ಮಾಮಾ, ಕೈ ಹೋಯ್ತು. ಕಂಪನಿಗೆ ಹೇಳು."

"ಕಂಪನಿಗೂ ನಿನಗೂ ಏನೋ ಸಂಬಂಧ? ನೀನು ನನ್ನ ಹುಡುಗ. ನಾನು ಇನ್ಯಾರದೋ ಹುಡುಗ. ಅವನು ಯಾರೋ ನನಗೇ ಗೊತ್ತಿಲ್ಲ."

ಪೊಲೀಸ್ ಠಾಣೆಗೆ ಅಕ್ಕನೇ ಕರೆದುಕೊಂಡು ಹೋದಳು. ಮೇಜಿನ ಹಿಂದೆ ಕೂತವನು ಎಲ್ಲ ಕೇಳಿಸಿಕೊಂಡ. "ಲೈನ್ ಬಂತಾ ಕೊನೆಗೆ?" ಎಂದ. ಬಂತು ಎಂದೆ. ಅವನು ಪಕ್ಕದವನ ಮುಖ ನೋಡಿದ. "ನಮ್ಮನೇದೂ ಹೋಗಿ ಎಷ್ಟೋ ದಿನ ಆಯ್ತು," ಎಂದ.

ಸುದ್ದಿ ಮನೆಯಿಂದ ಮನೆಗೆ ಹೋಯಿತು. ಪಕ್ಕದ ಮನೆಯವಳು ಬಟ್ಟೆ ಹರವುತ್ತ ಹರವುತ್ತ ಹಬ್ಬಿಸಿದಳು. ಮುಂದಿನ ಬೀದಿಯಲ್ಲಿ ಒಬ್ಬ ಲೈನ್‌ಮನ್‌ನ ಅಂಗಾಲಿಗೆ ಇಸ್ತ್ರಿಪೆಟ್ಟಿಗೆ ಇಟ್ಟರು. ಆಚೆಯ ಬಡಾವಣೆಯಲ್ಲಿ ಒಬ್ಬನ ಹಲ್ಲು ಕಿತ್ತರು. ಎಲ್ಲ ಕಡೆಯೂ ಮೊದಲು ಕೂರಿಸಿ ನೀರು ಕೊಟ್ಟಿದ್ದಾರೆ. ಎಲ್ಲ ಕಡೆಯೂ ಲೈನು ಬಂದಿದೆ. ಕಿತ್ತಳೆ ಶರ್ಟಿನವರು ಗೇಟಿನಿಂದಲೇ ಮಾತಾಡಿ ಓಡುವುದಕ್ಕೆ ಶುರುಮಾಡಿದರು. ಎಷ್ಟೋ ಜನ ಕೆಲಸ ಬಿಟ್ಟರು. ಬಿಟ್ಟವರ ಜಾಗಕ್ಕೆ ಮಾಮ ಬೇರೆಯವರನ್ನು ತಂದ. ಅವರಿಗೆ ಏನೂ ಹೇಳಲಿಲ್ಲ.

ನನ್ನ ಬೆರಳುಗಳು ವಕ್ರವಾಗಿ ಕೂಡಿಕೊಂಡವು. ತಂತಿಯ ಸಿಪ್ಪೆ ಸುಲಿಯುವುದಿರಲಿ, ಅನ್ನ ಕಲಸಲೂ ಆಗುತ್ತಿರಲಿಲ್ಲ. ಅಕ್ಕ ಹೊಸ ಕಟ್ಟಡಗಳಲ್ಲಿ ನೆಲ ಒರೆಸಲು ಹೋದಳು. ಬಂದು ನನಗೆ ತುತ್ತು ಕೊಡುತ್ತಿದ್ದಳು. "ಬಾಯಿ ತೆಗಿ, ದೊಡ್ಡ ಮನುಷ್ಯ," ಎನ್ನುತ್ತಿದ್ದಳು. ಆ ಫೋನಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳು ಒಂದೇ ಒಂದು ಸಲ ಕೇಳಿದಳು: "ಯಾಕೋ ಬಾಯಿ ಮುಚ್ಕೊಂಡಿದ್ದೆ? ಮೊದಲೇ ಕೂಗಿದ್ರೆ ನಾನು ಬೇಗ ಓಡ್ತಿದ್ನಲ್ಲೋ." ನಾನು ಇನ್ನೊಂದು ತುತ್ತಿಗೆ ಬಾಯಿ ತೆಗೆದೆ.

ಒಂದು ಬೆಳಿಗ್ಗೆ ಮಾಮ ಕಾರು ತಂದ. ಕಾರಿನ ಬಾಗಿಲನ್ನು ತಾನೇ ತೆಗೆದ. ಆಗಲೇ ನನಗೆ ಭಯವಾಯಿತು.

"ಇಬ್ರೂ ಹತ್ತಿ. ಕಂಪನಿಯವರು ಕರೀತಿದ್ದಾರೆ. ಕಂಪನಿಯವರು ಅಂದ್ರೆ ನಿಜವಾದ ಕಂಪನಿಯವರು. ನಾನೇ ಇವತ್ತು ಮೊದಲನೇ ಸಲ ನೋಡ್ತಿರೋದು."

ಮುಂಬಾಗಿಲಿನಿಂದ ಒಳಗೆ ಹೋದೆವು. ಅಷ್ಟು ವರ್ಷ ಅಲ್ಲಿ ದುಡಿದ ಅಕ್ಕ ಆ ಬಾಗಿಲನ್ನು ಒಳಗಿನಿಂದ ನೋಡಿದ್ದು ಅಂದೇ. ಒಂದು ಕೋಣೆಗೆ ಕರೆದೊಯ್ದರು. ಗೋಡೆ, ಸೂರು ಎಲ್ಲ ಬೂದು ಬಣ್ಣದ ಮೆತ್ತೆ. ಮಾತಾಡಿದರೆ ದನಿ ಬಾಯಿಂದ ಬಿದ್ದಲ್ಲೇ ಸಾಯುತ್ತಿತ್ತು. ನಡುವೆ ಒಂದು ಒಳ್ಳೆಯ ಕುರ್ಚಿ. ಕುರ್ಚಿಯ ಎದುರು ಮೈಕು, ದನಿಯ ಏರಿಳಿತ ತೋರಿಸುವ ಪರದೆ. ಪಕ್ಕದಲ್ಲಿ ಬಿಳಿ ಕೋಟಿನ ನರ್ಸ್, ಸ್ಟೀಲಿನ ತಟ್ಟೆ, ಹತ್ತಿ.

ನನಗಿಂತ ಚಿಕ್ಕವನಿರಬೇಕು, ಕನ್ನಡಕದವನೊಬ್ಬ ಎದ್ದು ನಿಂತು ನನ್ನ ಎಡಗೈ ಕುಲುಕಿದ. "ಕೂತ್ಕೊಳ್ಳಿ ಸಾರ್," ಎಂದ. ಕಂಪನಿಯಲ್ಲಿ ನನ್ನನ್ನು ಸಾರ್ ಎಂದವನು ಅವನೊಬ್ಬನೇ.

"ನೋಡಿ, ನಡೆದದ್ದು ಬಹಳ ಬೇಜಾರಿನ ವಿಷಯ," ಎಂದ. "ಆ ಕರೆ ನಮ್ಮಲ್ಲಿ ರೆಕಾರ್ಡ್ ಆಗಿದೆ. ನಾವೆಲ್ಲ ಕೂತು ಕೇಳಿದ್ವಿ. ನಮ್ಮ ಮೆಷಿನ್ ಇಲ್ಲಿವರೆಗೆ ಕೇಳಿದ ಕೂಗಲ್ಲಿ ನಿಮ್ಮದೇ ತುಂಬಾ ಶುದ್ಧ. ಆದ್ರೆ ಹಿಂದೆ ಗದ್ದಲ. ಬಾಗಿಲ ಸದ್ದು, ಬೈಗುಳ. ಅದನ್ನ ಇಟ್ಕೊಂಡು ಕಲಿಸೋಕಾಗಲ್ಲ."

"ಏನ್ ಕಲಿಸೋದು?"

"ಜನ ಈಗ ಮೋಸ ಮಾಡ್ತಿದ್ದಾರೆ. ಅಭ್ಯಾಸ ಮಾಡಿ ಮಾಡಿ ನಿಜದ ಹಾಗೇ ನೋವಿನ ದನಿ ತೆಗೀತಾರೆ, ಸಾಲು ದಾಟ್ತಾರೆ. ಮೆಷಿನ್‌ಗೆ ನಿಜವಾದದ್ದು ಯಾವುದು ಅಂತ ತೋರಿಸಬೇಕು. ನೀವು ನಟನೆ ಮಾಡೋದು ಬೇಡ. ನಿಮ್ಮ ಬೆರಳು ಸೊಟ್ಟ ಕೂಡಿಕೊಂಡಿದೆಯಲ್ಲ, ಅದನ್ನ ಹೇಗೂ ಬಿಡಿಸಿ ಎಳೆದು ಕೂರಿಸಬೇಕು ಅಂತ ಡಾಕ್ಟರು ಬರೆದಿದ್ದಾರೆ. ಆ ಖರ್ಚೆಲ್ಲ ನಮ್ಮದು. ಅದನ್ನ ಇಲ್ಲೇ ಮಾಡೋಣ. ಮರಗಟ್ಟಿಸೋ ಇಂಜೆಕ್ಷನ್ ಒಂದು ಇರಲ್ಲ. ಹೇಗೂ ನೋಯುತ್ತೆ. ಹೇಗೂ ಕೂಗ್ತೀರಿ. ಇಲ್ಲಿ ಕೂಗಿ, ಅಷ್ಟೆ."

ಮಾಮ ನನ್ನ ಹೆಗಲು ತಟ್ಟಿದ. "ಕೆಲಸ ಕೊಡ್ತಾರೆ ಕಣೋ. ಖಾಯಂ. ಗುತ್ತಿಗೆ ಅಲ್ಲ. ನಿಮ್ಮಕ್ಕನಿಗೂ."

"ಹೌದು," ಎಂದ ಕನ್ನಡಕದವನು. "ಆ ಕಂಟ್ರೋಲ್ ರೂಮಿನವನ ಮೂಗಿನ ದೂರನ್ನೂ ವಾಪಸ್ ತಗೋತೀವಿ. ಆ ಒಲೆಯ ಕೋಣೆ ಬೇಡ ಅಕ್ಕ, ನಿಮ್ಮನ್ನ ಮೇಲಿನ ಮಹಡಿಗೆ ಹಾಕ್ತೀವಿ. ಅಲ್ಲಿ ಕಿಟಕಿ ಇದೆ."

ಅಕ್ಕ ತನ್ನ ಅಂಗೈ ನೋಡಿಕೊಂಡಳು. ಅವಳ ಕೈಯ ಚರ್ಮ ಫಿನಾಯಿಲಿನಿಂದ ಸುಲಿದಿತ್ತು.

"ನನ್ನ ಕೂಗು ಕಲಿತ ಮೇಲೆ ನಿಮ್ಮ ಮೆಷಿನ್ ಏನ್ ಮಾಡುತ್ತೆ?" ಎಂದೆ.

"ನಿಜವಾಗಿ ನೋವಲ್ಲಿ ಇರೋರಿಗೆ ಮೊದಲು ಲೈನ್ ಕೊಡುತ್ತೆ. ಸುಳ್ಳು ಕೂಗು ನಡೆಯಲ್ಲ."

"ಸುಳ್ಳು ನಡೆಯಲ್ಲ ಅಂದ್ಮೇಲೆ ಜನ ಏನ್ ಮಾಡ್ತಾರೆ?"

ಅವನು ಕನ್ನಡಕ ತೆಗೆದು ಒರೆಸಿದ. "ಅದು ನಮ್ಮ ವಿಭಾಗಕ್ಕೆ ಬರಲ್ಲ," ಎಂದ. ನರ್ಸಿಗೆ ತಲೆಯಾಡಿಸಿದ.

ಅವಳು ನನ್ನ ಬಲಗೈಯನ್ನು ತಟ್ಟೆಯ ಮೇಲಿಟ್ಟುಕೊಂಡು ಪಟ್ಟಿ ಬಿಚ್ಚಿದಳು. ನಡುಬೆರಳನ್ನು ಹಿಡಿದಳು. ಹಿಡಿದದ್ದಕ್ಕೇ ನೋವು ಮೊಣಕೈ ದಾಟಿ ಹೆಗಲಿಗೆ, ಹೆಗಲಿನಿಂದ ದವಡೆಗೆ ಬಂತು. ಪರದೆಯ ಮೇಲೆ ಹಸಿರು ಗೆರೆಯೊಂದು ಮಲಗಿತ್ತು. ಅಕ್ಕನನ್ನು ಬಿಟ್ಟು ಉಳಿದ ಮೂವರೂ ಅದನ್ನೇ ನೋಡುತ್ತಿದ್ದರು. ಅವಳು ಎಳೆದಳು. ಹೊಟ್ಟೆಯ ಆಳದಿಂದ ಕೂಗು ಎದ್ದಿತು, ಎದೆ ದಾಟಿತು, ಗಂಟಲಿಗೆ ಬಂತು. ನಾನು ಹಲ್ಲು ಕಚ್ಚಿದೆ. ನಾಲಿಗೆಯ ಅಂಚು ನಡುವೆ ಸಿಕ್ಕಿತು. ಬಾಯಲ್ಲಿ ಉಪ್ಪು.

ಗೆರೆ ಅಲುಗಲಿಲ್ಲ.

"ತಡ್ಕೋಬೇಡಿ ಸಾರ್," ಎಂದ ಕನ್ನಡಕದವನು, ಬಹಳ ಮೆತ್ತಗೆ. "ಇನ್ನೊಂದ್ ಸಲ ಎಳೀರಿ ಸಿಸ್ಟರ್."

"ಅಯ್ಯೋ ಅನ್ನೋಕೆ ನಿನಗೇನೋ ರೋಗ?" ಎಂದ ಮಾಮ. "ಆ ಮನೇಲಿ ಪುಕ್ಕಟೆ ಕೂಗಿದ್ಯಲ್ಲ!"

ನಾನು ಕೈ ಕಿತ್ತುಕೊಂಡೆ. ತಟ್ಟೆ ನೆಲಕ್ಕೆ ಬಿತ್ತು. ಆ ಕೋಣೆಯಲ್ಲಿ ಅದಕ್ಕೂ ಸದ್ದಿರಲಿಲ್ಲ.

ಕನ್ನಡಕದವನು ಅಕ್ಕನ ಕಡೆ ತಿರುಗಿದ. "ನೀವಾದ್ರೂ ಹೇಳಿ ಅಕ್ಕ. ನಿಮ್ಮ ಮಾತು ಕೇಳ್ತಾರೆ."

ಅಕ್ಕ ಎದ್ದು ಬಂದು, ಸೆರಗಿನಿಂದ ನನ್ನ ತುಟಿಯ ರಕ್ತ ಒರೆಸಿದಳು. ಅವನ ಕಡೆ ನೋಡಲೂ ಇಲ್ಲ. ನನ್ನ ಕಡೆಯೇ ನೋಡುತ್ತ ಕಾದಳು.

"ಕೂಗಲ್ಲ," ಎಂದೆ.